ನಾಲ್ಕಕ್ಷರದ ಮನೆ

ನಮ್ಮ ಸೋದರಮಾವನ ಜೊತೆ ಮಾತಾಡುವವರಿಗೆ ನಾಲಿಗೆಗಿಂತ ಮೊದಲು ಬೆರಳಿಗೇ ಕೆಲಸ. ಅಕ್ಷರ ಎಣಿಸಬೇಕಲ್ಲ!

ಮಾದನಹಿಪ್ಪರಗಾದಲ್ಲಿ ಅವನದೊಂದು ಬೀಜದ ಅಂಗಡಿ. ಅದು ನೆಪಕ್ಕೆ, ನಿಜವಾದ ಕಸುಬು ಪದಬಂಧ ಕಟ್ಟುವುದು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸ್ಕೇಲಿಟ್ಟು ಚೌಕ ಗೀಚುತ್ತಾನೆ. ಒಂದು ಪದ ಹಿಡಿದನೆಂದರೆ ಎಲ್ಲ ಸುಳಿವಿನಲ್ಲೂ ಎಲ್ಲ ಉತ್ತರದಲ್ಲೂ ಅದೇ ಇರಬೇಕು. ‘ಕಾಲು’ ಹಿಡಿದ ವಾರ ಕಾಲುಂಗುರ, ಕಾಲುದಾರಿ, ಕಾಲುಚೀಲ! ಒಂದಾದರೂ ಉತ್ತರ ಬರೆಯದ ರೈತನಿಗೆ ತೊಗರಿ ಬೀಜವಿಲ್ಲ.

“ಸಾವಕಾರ್ರ, ನಿಮ್ಮ ಕಾಲಿಗೆ ಬೀಳ್ತೇನ್ರಿ, ಬೀಜ ಕೊಡ್ರಿ!”

“ಹಾಂ, ಕಾಲಿಗೆ ಬೀಳೂದು! ಅದಕ್ಕ ಒಂದೇ ಪದದಾಗ ಏನಂತಾರ ಹೇಳು?”

ಒಮ್ಮೆ ಆಳಂದದ ಬಸ್ಸಿನಲ್ಲಿ “ಮೂರಕ್ಷರದ ಊರಿಗೆ ಒಂದು ಟಿಕೆಟ್ ಕೊಡ್ರಿ” ಎಂದ. ಕಂಡಕ್ಟರ್ ಸೀಟಿ ಊದಿದ. “ಇಳೀರಿ! ಇದೂ ಮೂರಕ್ಷರನ ಅದ.”

ಮಾವ ದಾರಿಯಲ್ಲೇ ನಿಂತು ಎಣಿಸಿ, ಸಂತೋಷಪಟ್ಟನಂತೆ!

ಇಂಥವನನ್ನು ಕರೆದುಕೊಂಡು ನಾನು ಇಜೇರಿಗೆ ಹೆಣ್ಣು ನೋಡಲು ಹೋಗಬೇಕಾಯಿತು. ಅಪ್ಪ ಇಲ್ಲದ ನನಗೆ ಹಿರಿಯನೆಂದರೆ ಅವನೇ. “ಅಲ್ಲಿ ಕಾಗದ ತೆಗೀಬ್ಯಾಡ ಮಾವಾ” ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಕೇಳಿದನೇ? ಹುಡುಗಿ ಚಹಾ ತಂದಿಟ್ಟದ್ದೇ ತಡ, ಜೇಬಿಗೆ ಕೈ ಹಾಕಿದ. ಆ ವಾರದ ಪದ ‘ಮನೆ’.

“ಇದೊಂದು ತುಂಬವ್ವಾ. ಹೆಣ್ಣು ಮದುವಿಯಾಗಿ ಹೋಗೂ ಮನಿ. ನಾಕಕ್ಷರ.”

ಆಕೆ ಯೋಚಿಸಲೇ ಇಲ್ಲ. ಬರೆದು ಕೊಟ್ಟಳು. ‘ಅತ್ತೆಮನೆ’ ಇರಬೇಕಾದಲ್ಲಿ ‘ಸೆರೆಮನೆ’ ಎಂದಿತ್ತು!

ನನ್ನ ಚಹಾ ತೊಡೆಯ ಮೇಲೆ ಚೆಲ್ಲಿತು. ಮಾವ ಬೆರಳು ಮಡಿಸಿದ. “ಸೆ, ರೆ, ಮ, ನೆ... ಬರೋಬರಿ ಕೂಡ್ತದಲ್ಲೋ!” ಆಮೇಲೆ ಕಾಗದ ಕೆಳಗಿಟ್ಟು, ತಗ್ಗಿದ ದನಿಯಲ್ಲಿ ಕೇಳಿದ: “ಯಾಕವ್ವಾ?”

“ಬಿ.ಎಡ್. ಇನ್ನೊಂದು ವರ್ಷ ಅದ್ರಿ. ಅಪ್ಪ ಬಿಡಿಸಾಕತ್ತಾರ.”

“ಹುಡುಗಿ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ” ಎಂದು ಆಕೆಯ ಅಪ್ಪ ಎದ್ದುನಿಂತರು.

“ನಾ ಕೇಳಿದ್ದು ಆಕಿನ್ನ” ಎಂದ ಮಾವ. “ಓದು ಮುಗಿಸಲಿ. ನಮ್ಮ ಹುಡುಗ ಕಾಯ್ತಾನ. ಆಮ್ಯಾಲೂ ಆಕಿ ಒಲ್ಲೆ ಅಂದ್ರ ಒಲ್ಲೆ.”

ನನ್ನನ್ನು ಯಾರಾದರೂ ಕೇಳಿದರೇ? ಇಲ್ಲ! ಆದರೆ ಆಕೆ ಮೊದಲ ಸಲ ತಲೆಯೆತ್ತಿ ನನ್ನತ್ತ ನೋಡಿದಳು. ಒಂದು ವರ್ಷ ಕಾಯಲು ನನಗೆ ಅಷ್ಟು ಸಾಕಾಯಿತು.

ಪರೀಕ್ಷೆ ಮುಗಿದ ದಿನ ಮಾವ ನಮ್ಮ ಮನೆಯಲ್ಲೇ ಇದ್ದ. ಆಕೆಯೇ ಅವನಿಗೆ ಫೋನ್ ಮಾಡಿದಳು. “ಈಗ ಬರ್ರಿ. ನನಗ ಒಪ್ಪಿಗಿ ಅದ.”

ನಾನು ಕುಣಿಯುವುದೊಂದು ಬಾಕಿ. ಮಾವ ಮಾತ್ರ ಫೋನ್ ಇಟ್ಟವನೇ, ಜೋಳ ಹಸನು ಮಾಡುತ್ತಿದ್ದ ನನ್ನ ಅವ್ವನ ಎದುರು ನೆಲದ ಮೇಲೆ ಕುಳಿತುಬಿಟ್ಟ. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವ್ವ. ಏಳನೆಯ ತರಗತಿಗೇ ಅವಳ ಶಾಲೆ ಬಿಡಿಸಿ ಮದುವೆ ಮಾಡಿದ್ದರು.

“ಅಕ್ಕಾ, ಅವತ್ತು ನಿನ್ನ ಯಾರೂ ಕೇಳ್ಲಿಲ್ಲಲ್ಲ” ಎಂದ.

ಅವ್ವ ಮೊರ ಕೆಳಗಿಟ್ಟಳು.

“ಅಕ್ಕನ್ನ ಕೇಳ್ರಿ ಅಂತ ನೀ ಒಬ್ಬನೇ ಅಂದಿದ್ದಿ. ಆರು ವರ್ಷದಾಂವ ಇದ್ದಿ. ಅಪ್ಪ ನಿನ್ನ ಬಡದು ಹೊರಗ ಹಾಕಿದ್ರು. ನನಗ ನೆನಪದ.”