ಮಾವನ ಕುಡಿತದ ಅಧ್ಯಾಯ

ನನ್ನ ಸೋದರಮಾವನಿಗೆ ಮಾನ ಮರ್ಯಾದೆ ಎರಡೂ ಇಲ್ಲ. ಇದು ನನ್ನ ಆರೋಪವಲ್ಲ, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುವುದು! ಮುಂಬಯಿ ಹತ್ತಿರದ ಕೋಪರಿಯಲ್ಲಿ ಅಜ್ಜನ ಹೋಟೆಲಿನ ಗಲ್ಲಾದಲ್ಲಿ ಕೂರಬೇಕಾದವನು ಸೊಂಟದವರೆಗೆ ಕೂದಲು ಬಿಟ್ಟು, ಗಿಟಾರ್ ಹೊತ್ತು, ರಾಕ್ ಹಾಡಲು ಹೊರಟ.

"ಈ ಕೂದಲು ಸಾಂಬಾರಿಗೆ ಬಿದ್ರೆ ಎಂತ ಮಾಡುದು?" ಎಂದು ಅಜ್ಜ ಗದರಿದರು.

"ಅದಕ್ಕೇ ಅಲ್ವಾ ಅಪ್ಪ, ನಾನು ಹೋಟೆಲಿಗೆ ಬರುದಿಲ್ಲ ಅಂದದ್ದು!"

ಆಮೇಲೆ ಅವನದೇ ಕಾಲ. ಕಾಲೇಜು ಹುಡುಗರು ಅವನ ಮುಖವಿರುವ ಟೀಶರ್ಟ್ ಹಾಕಿಕೊಂಡು ತಿರುಗಿದರು. ಕಾಲಿಡಲೂ ಜಾಗವಿಲ್ಲದ ಸಂಜೆಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಅವನಿಗೆ ಸೀಟು ಬಿಟ್ಟುಕೊಟ್ಟರೆಂದರೆ ಖ್ಯಾತಿಗೆ ಬೇರೆ ಸಾಕ್ಷಿ ಬೇಕೇ?

ಖ್ಯಾತಿಯ ಬೆನ್ನಿಗೇ ಬಾಟಲಿಯೂ ಬಂತು. ವಾಶಿಯ ಕಾರ್ಯಕ್ರಮವೊಂದರಲ್ಲಿ ಹಾಡುತ್ತ ಹಾಡುತ್ತಲೇ ಡ್ರಮ್ಮಿನ ಮೇಲೆ ಬಿದ್ದ. ಜನ ಅದನ್ನೂ ಸಂಗೀತವೆಂದುಕೊಂಡು "ಒನ್ಸ್ ಮೋರ್!" ಎಂದು ಕೂಗಿದರು. ಮಾವ ಏಳಲಿಲ್ಲ. ಬ್ಯಾಂಡಿನವರು ಅವನನ್ನು ಬಿಟ್ಟರು. ಅವನು ಬಾಟಲಿ ಬಿಡಲಿಲ್ಲ.

ಕೊನೆಗೆ ಅಮ್ಮ ತಮ್ಮನನ್ನು ರಿಕ್ಷಾಕ್ಕೆ ತುಂಬಿ ಕಲ್ಯಾಣ್ ಊರಿನ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು. ಅಲ್ಲಿ ಬೆಳಗ್ಗೆ ಭಜನೆ ಕಡ್ಡಾಯ. ಮಾವ ಭಜನೆಗೆ ಬಾಯಿ ತೆರೆದ ಮೊದಲ ದಿನವೇ ಪಕ್ಕದ ಹೌಸಿಂಗ್ ಸೊಸೈಟಿಯವರು ದೂರು ಕೊಟ್ಟರು! ಎರಡು ಸಲ ಓಡಿಬಂದ. ಎರಡು ಸಲವೂ ತಾನೇ ವಾಪಸು ಹೋದ. ಆಮೇಲೆ ಇಂದಿನವರೆಗೆ ಮುಟ್ಟಿಲ್ಲ.

ಸುಧಾರಿಸಿದವನು ಸುಮ್ಮನಿರಬೇಡವೇ? ಆತ್ಮಕಥೆ ಬರೆದ! ಅದೂ ನನ್ನ ತಂಗಿಯ ಮದುವೆ ಮಾತುಕತೆ ನಡೆಯುತ್ತಿರುವಾಗ.

"ಆ ಕುಡಿತದ ಅಧ್ಯಾಯ ಒಂದು ತೆಗಿ ಮಾರಾಯ," ಅಮ್ಮ ಅಂಗಲಾಚಿದಳು. "ಹುಡುಗನ ಕಡೆಯವರು ಎಂತ ಹೇಳಿಯಾರು?"

"ಅದು ತೆಗೆದ್ರೆ ಉಳಿಯುದು ಮುನ್ನುಡಿ ಮಾತ್ರ ಅಕ್ಕ. ಬಿದ್ದವನೂ ನಾನು, ಎದ್ದವನೂ ನಾನು. ನಾಚಿಕೆ ಯಾರಿಗೆ?"

ಸಾನಪಾಡಾದ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾಯಿತು. ಮುಂದಿನ ಸಾಲಿನಲ್ಲೇ ಹುಡುಗನ ತಾಯಿ. ಕರೆದವನು ಬೇರೆ ಯಾರೂ ಅಲ್ಲ, ಮಾವನೇ! ಅವನು ನೇರವಾಗಿ ಆ ಅಧ್ಯಾಯವನ್ನೇ ಓದಿದ. ವಾಂತಿ, ಕೈನಡುಕ, ನನ್ನ ಅಮ್ಮನ ಬಳೆ ಕದ್ದದ್ದು, ಯಾವುದನ್ನೂ ಬಿಡಲಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಓದು ಮುಗಿದಾಗ ಹುಡುಗನ ತಾಯಿ ಎದ್ದು ನಿಂತರು. ಮದುವೆ ಮುರಿಯಿತು ಎಂದೇ ನಾನು ತಿಳಿದೆ.

"ನನ್ನ ತಮ್ಮನೂ ಹೀಗೇ ಕುಡೀತಿದ್ದ," ಎಂದರು. "ಅವ ಉಳೀಲಿಲ್ಲ. ಈಗ ಮನೆಯಲ್ಲಿ ಅವನ ಹೆಸರೂ ಯಾರೂ ಎತ್ತುದಿಲ್ಲ."

ಅಷ್ಟು ಹೊತ್ತು ಗುಡುಗುತ್ತಿದ್ದ ಮಾವ ವೇದಿಕೆ ಇಳಿದು ಬಂದು, ಮೈಕನ್ನು ಅವರ ಮುಂದೆ ಹಿಡಿದ. "ಹೆಸರೆಂತ ಅಕ್ಕ? ಗಟ್ಟಿ ಹೇಳಿ."

"ಸದಾನಂದ," ಎಂದರು ಅವರು. ಕಣ್ಣೊರೆಸಿಕೊಂಡರು. "ನಮ್ಮ ಹುಡುಗನಿಗೂ ಸೋದರಮಾವನಾಗಿ ಮಂಟಪದಲ್ಲಿ ನೀವೇ ನಿಲ್ಲಬೇಕು."

ಮಾನ ಮರ್ಯಾದೆ ಎರಡೂ ಇಲ್ಲದ ಮಾವ ಮೈಕನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಅವರ ಕಾಲು ಮುಟ್ಟಿದ.