ಕಪ್ಪು ಬಿಳುಪಿನಲ್ಲಿ ನಮ್ಮ ಬಾವಿ

ನಮ್ಮ ಬೀದಿಗೆ ಕೊಳಾಯಿ ಬಂದದ್ದು ಒಂದು ಸಾಕ್ಷ್ಯಚಿತ್ರದಿಂದ ಎಂದು ನಮ್ಮ ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಯಾವ ಕಥೆಗಾದರೂ ಒಮ್ಮೆ ಹಸಿರು ಬಾವುಟ ತೋರಿಸಿದರೆಂದರೆ ಅದು ಕೊನೆಯ ನಿಲ್ದಾಣದವರೆಗೂ ಎಲ್ಲೂ ನಿಲ್ಲುವುದಿಲ್ಲ. ಅವರ ಪ್ರಕಾರ, ಒಬ್ಬ ದೊಡ್ಡ ನಿರ್ದೇಶಕರು ಮದರಾಸಿನ ಅಂಚಿನ ಈ ಕ್ರೋಂಪೇಟೆಗೆ ಬಂದು ನಮ್ಮ ಬಾವಿಯ ದುರವಸ್ಥೆಯನ್ನು ಚಿತ್ರಿಸಿದರು; ಚಿತ್ರ ದೆಹಲಿಗೆ ಹೋಯಿತು; ಅಲ್ಲಿ ಯಾರೋ ಮಂತ್ರಿಗಳು ಕಣ್ಣೊರೆಸಿಕೊಂಡರು; ಮದರಾಸಿಗೆ ಫೋನ್ ಬಂತು; ಕೊಳಾಯಿ ಬಂತು. ಕೇಳಿದವರು ತಲೆದೂಗಿ, ಕಾಫಿ ಕುಡಿದು ಹೋಗುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿಕೊಳ್ಳುತ್ತೇನೆ. ಆ ಕಥೆಯಲ್ಲಿ ಬಾವಿ ನಿಜ, ಕೊಳಾಯಿ ನಿಜ. ನಡುವಿನ ಫೋನು, ಮಂತ್ರಿ, ಕಣ್ಣೀರು ಎಲ್ಲವೂ ಅಪ್ಪನ ಸ್ವಂತ ಉತ್ಪಾದನೆ.

ಹಲ್ಲು ಕಚ್ಚುವುದು ನನ್ನ ಹುಟ್ಟುಗುಣವಲ್ಲ, ಕಾಲೇಜಿನಲ್ಲಿ ಕಲಿತದ್ದು. ಯಾರಾದರೂ "ಅದರಿಂದ ಇದಾಯಿತು" ಎಂದರೆ ಸಾಕು, "ಅದಕ್ಕೆ ಆಧಾರವೇನು" ಎನ್ನುವ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿರುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಇದಕ್ಕೆ ಮೂರು ಬೆಳ್ಳಿಯ ಕಪ್ಪುಗಳು ಬಂದಿವೆ. ಮನೆಯಲ್ಲಿ ಬಂದ ಬಹುಮಾನವೆಂದರೆ, ನನ್ನನ್ನು ನೋಡಲು ಬಂದ ಇಬ್ಬರು ವರರ ಕಡೆಯವರು ಉಪ್ಪಿಟ್ಟು ಮುಗಿಸುವ ಮುಂಚೆಯೇ ಎದ್ದುಹೋದದ್ದು. ಅಮ್ಮ ಒಂದು ಕಪ್ಪಿನಲ್ಲಿ ಹುಣಿಸೆಹಣ್ಣು, ಇನ್ನೊಂದರಲ್ಲಿ ರಂಗೋಲಿ ಪುಡಿ ಇಟ್ಟಿದ್ದಾಳೆ. ಮೂರನೆಯದು ಸೋರುತ್ತದೆ.

ಬಾವಿಯ ವಿಷಯಕ್ಕೆ ಬರುತ್ತೇನೆ. ಅಪ್ಪ ಈ ಮನೆ ಕಟ್ಟಿಸಿದಾಗ ಬಾವಿಯ ನೀರು ಎಳನೀರಿನಂತಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ಆಮೇಲೆ ನಮ್ಮ ಬೀದಿಯ ಹಿಂದೆ ತೊಗಲು ಹದ ಮಾಡುವ ಒಂದು ಶೆಡ್ ಎದ್ದಿತು. ಊರಿಗೆ ಹೆಸರು ಕೊಟ್ಟ ದೊಡ್ಡ ಕ್ರೋಮ್ ತೊಗಲಿನ ಕಾರ್ಖಾನೆಯಲ್ಲ, ಬೋರ್ಡೂ ಇಲ್ಲದ ಒಂದು ತಗಡಿನ ಶೆಡ್. ಅದರ ನೀರು ಒಂದು ಕಾಲುವೆಯಲ್ಲಿ ಹರಿದು ಎಲ್ಲೋ ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದೆವು. ಅದು ಹೋಗುತ್ತಿದ್ದುದು ನಮ್ಮ ಬಾವಿಗೆ. ಎರಡು ವರ್ಷಗಳಲ್ಲಿ ನೀರು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅನ್ನ ಮಾಡಿದರೆ ಒಗ್ಗರಣೆಯಿಲ್ಲದೆಯೇ ಚಿತ್ರಾನ್ನವಾಗುತ್ತಿತ್ತು. ಸೋಪು ನೊರೆ ಬಿಡುತ್ತಿರಲಿಲ್ಲ. ವಾಸನೆಯನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡಬೇಕಾದವರು.

ಅಮ್ಮನಿಗೆ ಇದು ಬರೀ ರುಚಿಯ ಪ್ರಶ್ನೆಯಲ್ಲ. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ತಾನೇ ಸೇದಿದ ಮಡಿನೀರಿನಲ್ಲಿ ದೇವರ ಅಡುಗೆ ಮಾಡುವವಳು ಅವಳು. ಆ ಮಡಿನೀರೇ ತೊಗಲು ತೊಳೆದು ಬಂದ ನೀರಾದರೆ? ಕುಡಿಯುವುದಕ್ಕೂ ಕಾಫಿಗೂ ನಾನು ದಿನಾ ಸಂಜೆ ವಿಮಾ ಕಚೇರಿಯಿಂದ ಬರುವಾಗ ಕ್ರೋಂಪೇಟೆಯಲ್ಲಿ ಇಳಿಯದೆ ತಾಂಬರಂವರೆಗೆ ಹೋಗಿ, ರೈಲ್ವೆ ಕ್ವಾರ್ಟರ್ಸಿನ ಚಿಕ್ಕಪ್ಪನ ಮನೆಯಲ್ಲಿ ಹಿಡಿಕೆಯ ಎರಡು ಹಿತ್ತಾಳೆ ತೂಕುಪಾತ್ರೆಗಳಲ್ಲಿ ನೀರು ತುಂಬಿಸಿಕೊಂಡು, ಎಲೆಕ್ಟ್ರಿಕ್ ಟ್ರೈನಿನಲ್ಲಿ ವಾಪಸು ತರುತ್ತಿದ್ದೆ. ಹೆಂಗಸರ ಡಬ್ಬಿಯಲ್ಲಿ ನನಗೆ "ತಣ್ಣಿ ಟೀಚರ್" ಎಂದು, ನೀರಿನ ಟೀಚರ್ ಎಂದು, ಹೆಸರು ಬಿದ್ದಿತ್ತು. ನಾನು ಟೀಚರಲ್ಲ ಎಂದು ವಾದಿಸಿ ಗೆದ್ದೆ. ಬರೀ "ತಣ್ಣಿ" ಉಳಿಯಿತು. ಆದರೆ ದೇವರಿಗೆ ಆ ನೀರು ಆಗುತ್ತಿರಲಿಲ್ಲ, ಅದು ಮೂರು ಸ್ಟೇಷನ್ನುಗಳ ಮೈಲಿಗೆ ಮುಟ್ಟಿಸಿಕೊಂಡ ನೀರು. ಕೊನೆಗೊಂದು ದೀಪಾವಳಿಯ ಬೆಳಿಗ್ಗೆ, ಪಕ್ಕದ ಮನೆಯ ಜಾನಕಿ ಮಾಮಿ ಪದ್ಧತಿಯಂತೆ "ಗಂಗಾಸ್ನಾನ ಆಚ್ಚಾ?" ಎಂದು, ಹಬ್ಬದ ಸ್ನಾನ ಆಯಿತೇ ಎಂದು, ಗೋಡೆಯ ಆಚೆಯಿಂದ ಕೇಳಿದಾಗ, ಅಮ್ಮ ತಲೆಯಲ್ಲಿ ಎಣ್ಣೆ, ಎದುರಿಗೆ ಒಂದು ಹಂಡೆ ಕಂದು ನೀರು ಇಟ್ಟುಕೊಂಡು ಕುಳಿತಿದ್ದಳು. ಅವಳು ಉತ್ತರ ಕೊಡಲಿಲ್ಲ. ಸ್ನಾನ ಮುಗಿಸಿ ಬಂದು ಅಪ್ಪನಿಗೆ ಹೇಳಿದಳು: "ಮುಂದಿನ ದೀಪಾವಳಿಗೆ ನಾನು ಈ ನೀರು ತಲೆಗೆ ಹಾಕ್ಕೊಳಲ್ಲ. ಅಷ್ಟರೊಳಗೆ ಏನೂ ಆಗ್ದಿದ್ರೆ ಮನೆಗೆ ಬೀಗ ಹಾಕಿ ಕೊಯಮತ್ತೂರಿಗೆ ಹೋಗೋಣ, ದೊಡ್ಡವಳ ಮನೆಗೆ. ರುಕ್ಕು ಹಾಸ್ಟೆಲ್ ಸೇರ್ಕೊಳ್ಳಲಿ." ರುಕ್ಕು ಎಂದರೆ ನಾನು. ಅಮ್ಮ ಜೋರಾಗಿ ಹೇಳಿದ್ದರೆ ನಾವು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು.

ನಾನು ಅರ್ಜಿ ಬರೆದೆ. ಪಂಚಾಯತಿಗೆ ಬರೆದೆ, ಆರೋಗ್ಯ ಇಲಾಖೆಗೆ ಬರೆದೆ, ಪತ್ರಿಕೆಗಳಿಗೆ ಬರೆದೆ. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಉತ್ತರವೂ ಇರಲಿಲ್ಲ. ಅದೇ ಸಮಯಕ್ಕೆ ನಗರದ ಒಂದು ಸಂಘದಲ್ಲಿ ಚರ್ಚೆ ಏರ್ಪಟ್ಟಿತು: ಸಾಕ್ಷ್ಯಚಿತ್ರಗಳಿಂದ ಸಮಾಜಕ್ಕೆ ಪ್ರಯೋಜನವಿದೆಯೇ? ನಾನು ಇಲ್ಲವೆಂಬ ಪಕ್ಷ. ಸಿನಿಮಾ ಟೆಂಟಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವ ಆ ಹತ್ತು ನಿಮಿಷದಲ್ಲಿ ಜನ ಮುರುಕು ಕೊಳ್ಳುತ್ತಾರೆ, ಜಾಗ ಹಿಡಿಯುತ್ತಾರೆ, ಮಕ್ಕಳನ್ನು ಹೊರಗೆ ಕೂರಿಸಿಕೊಂಡು ಬರುತ್ತಾರೆ. ಅಣೆಕಟ್ಟು, ಮಲೇರಿಯಾ, ಮಣ್ಣಿನ ಸವಕಳಿ ಯಾವುದನ್ನೂ ಯಾರೂ ನೋಡುವುದಿಲ್ಲ. ಚಿತ್ರ ನೋಡಿ ಒಂದು ಬಾವಿಯೂ ತಿಳಿಯಾದದ್ದಿಲ್ಲ ಎಂದು ಮೇಜು ಕುಟ್ಟಿದೆ. ತೀರ್ಪುಗಾರರಲ್ಲಿ ಒಬ್ಬರು ದಪ್ಪ ಕನ್ನಡಕದ, ಮೃದುಮಾತಿನ ಮನುಷ್ಯರು. ಅವರೇ ಅಂಥ ಚಿತ್ರಗಳ ನಿರ್ದೇಶಕರೆಂದು ನನಗೆ ಗೊತ್ತಿರಲಿಲ್ಲ. ನನಗೆ ಎರಡನೆಯ ಬಹುಮಾನ ಕೊಟ್ಟು, ನೀರು ಮತ್ತು ಆರೋಗ್ಯದ ಮೇಲೆ ತಾವೊಂದು ಚಿತ್ರ ತೆಗೆಯುತ್ತಿರುವುದಾಗಿ ಹೇಳಿ, ನನ್ನ ಭಾಷಣದಲ್ಲಿ ಬಂದ ಬಾವಿ ಎಲ್ಲಿದೆ ಎಂದು ಕೇಳಿದರು. ವಿಳಾಸ ಕೊಟ್ಟೆ. ಅಂದಿನಿಂದ ನನ್ನದು ವಿಚಿತ್ರ ಪರಿಸ್ಥಿತಿ. ಚಿತ್ರ ಕೆಲಸ ಮಾಡಿದರೆ ನನ್ನ ವಾದ ಸೋಲುತ್ತದೆ, ಮಾಡದಿದ್ದರೆ ನನ್ನ ಮನೆ ಹೋಗುತ್ತದೆ. ಜೀವನದಲ್ಲಿ ಮೊದಲ ಬಾರಿಗೆ ಸೋಲಬೇಕೆಂದು ದೇವರಿಗೆ ಹೇಳಿಕೊಂಡೆ.

ಚಿತ್ರೀಕರಣ ಒಂದು ಭಾನುವಾರಕ್ಕೆ ನಿಗದಿಯಾಯಿತು. ಆ ವಾರವೆಲ್ಲ ಕಚೇರಿಯಲ್ಲಿ ವರ್ಷಾಂತ್ಯದ ಕೆಲಸ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನಾನು ನೋಡಲಿಲ್ಲ. ಬಾವಿಕಟ್ಟೆ ಇರುವುದು ಹಿತ್ತಲಲ್ಲಿ. ಬೆಳಿಗ್ಗೆ ಹೋಗುವಾಗ ಕತ್ತಲೆ, ಬರುವಾಗ ಎರಡು ಕೈಯಲ್ಲೂ ಪಾತ್ರೆ. ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದವಳು ಹಾಗೆಯೇ ನಿಂತೆ. ಕಟ್ಟೆಗೆ ಸುಣ್ಣ ಬಳಿದಿತ್ತು. ರಾಟೆಗೆ ಎಣ್ಣೆ, ಹಗ್ಗ ಹೊಸದು, ಸುತ್ತ ರಂಗೋಲಿ, ಎರಡು ಕಂಬಗಳ ನಡುವೆ ಮಾವಿನ ತೋರಣ. ಬಗ್ಗಿ ನೋಡಿದರೆ ನೀರಿನಲ್ಲಿ ನನ್ನ ಮುಖ, ಬಾಯಿ ತೆರೆದುಕೊಂಡಿದ್ದು ಸಹಿತ, ಸ್ಪಷ್ಟವಾಗಿ ಕಂಡಿತು. ಅಮ್ಮ ಆಳುಗಳನ್ನು ಇಳಿಸಿ ಬಾವಿಯನ್ನು ಪೂರ್ತಿ ಬತ್ತಿಸಿ, ಹೂಳೆತ್ತಿಸಿ, ಹೊಸದಾಗಿ ಊರಿದ ನೀರಿಗೆ ಸುಣ್ಣ ಹಾಕಿಸಿ, ಪಟಿಕ ತಿರುವಿಸಿ, ನೆಲ್ಲಿಯ ಕೊರಡು ಇಳಿಬಿಡಿಸಿ, ವಾಸನೆಗೆಂದು ಒಂದು ಕಂತೆ ಲಾವಂಚದ ಬೇರು ಕಟ್ಟಿಸಿದ್ದಳು.

"ಅಮ್ಮಾ, ಅವರು ಕೊಳಕು ನೀರು ನೋಡಕ್ಕೆ ಬರ್ತಿದಾರೆ" ಎಂದೆ.

"ಬರ್ಲಿ. ಅದಕ್ಕೇಂತ ಮನೆಗೆ ಬಂದೋರ ಮುಂದೆ ಕೊಳಕು ಇಟ್ಕೊಂಡು ಕೂತಿರ್ಬೇಕಾ? ಊರೆಲ್ಲ ನೋಡೋ ಚಿತ್ರ ಅಂತ ನೀನೇ ಹೇಳ್ದೆಯಲ್ಲೇ."

"ನಾಳಿದ್ದು ಮತ್ತೆ ಹಾಗೇ ಆಗತ್ತೆ ನೀರು."

"ನಾಳಿದ್ದು ಅವರು ಬರಲ್ವಲ್ಲ" ಎಂದಳು ಅಮ್ಮ.

ಅಷ್ಟರಲ್ಲಿ ನಿರ್ದೇಶಕರ ವ್ಯಾನು ಬಂತು. ಅಮ್ಮ ಕೆಂಪು ರೇಷ್ಮೆಯ ಕಚ್ಚೆಸೀರೆ ಉಟ್ಟು ಕಾಫಿ ತಂದಳು. ಕ್ಯಾಮೆರಾದವರು ಒಂದು ಗುಟುಕು ಕುಡಿದು, ಇಂಥ ಕಾಫಿ ಮದರಾಸಿನಲ್ಲಿ ಕುಡಿದಿಲ್ಲ, ಇದೆಲ್ಲ ನೀರಿನ ಗುಣ ಎಂದು ಬಾವಿಯ ಕಡೆಗೆ ಕೈ ತೋರಿಸಿದರು. ಅದು ನಾನೇ ತಾಂಬರಂನಿಂದ ಹೊತ್ತು ತಂದ ನೀರು. ನನ್ನ ವಿರುದ್ಧದ ಸಾಕ್ಷ್ಯವನ್ನು ನಾನೇ ಸೀಸನ್ ಟಿಕೆಟ್ ಕೊಂಡು ತಂದಿದ್ದೆ. ನಿರ್ದೇಶಕರು ಬಾವಿಯನ್ನು ನೋಡಿದರು, ತೋರಣವನ್ನು ನೋಡಿದರು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು. ಇವತ್ತು ನೀರು ಶೃಂಗಾರ ಮಾಡಿಕೊಂಡಿದೆ ಎಂದೆ ನಾನು. ಅಪ್ಪ ಮೂರು ದಿನದ ಹಿಂದಿನ ನೀರಿನ ಬಣ್ಣವನ್ನು ವಿವರಿಸಿದರು. ಆಗ ನಿರ್ದೇಶಕರು ನಿಟ್ಟುಸಿರಿಟ್ಟು ಒಂದು ಸಂಗತಿ ಹೇಳಿದರು: ಕಪ್ಪು ಬಿಳುಪಿನ ಚಿತ್ರದಲ್ಲಿ ಕಂದು ನೀರೂ ನೆರಳಿನ ನೀರೂ ಒಂದೇ ರೀತಿ ಕಾಣುತ್ತವೆ, ವಾಸನೆಯಂತೂ ಕಾಣುವುದೇ ಇಲ್ಲ. ಬಣ್ಣವನ್ನೂ ವಾಸನೆಯನ್ನೂ ಬಿಟ್ಟರೆ ತೊಗಲಿನ ಶೆಡ್ಡಿನ ವಿರುದ್ಧ ನಮ್ಮ ಹತ್ತಿರ ಇನ್ನೇನಿತ್ತು? ಇಷ್ಟು ಬಲವಾದ ಅಂಶ ಚರ್ಚೆಯ ದಿನ ನನಗೆ ಹೊಳೆಯಲಿಲ್ಲವಲ್ಲ ಎಂದು ಆ ದುಃಖದಲ್ಲೂ ಒಂದು ಸಣ್ಣ ದುಃಖವಾಯಿತು. ವ್ಯಾನಿನ ಬಾಡಿಗೆ ಕೊಟ್ಟಾಗಿದೆ, ಬಿಸಿಲು ಚೆನ್ನಾಗಿದೆ ಎಂದು ಅವರು ಅಮ್ಮ ನೀರು ಸೇದುವುದನ್ನು ಒಂಬತ್ತು ಸಲ ತೆಗೆದುಕೊಂಡು ಹೋದರು. ಮಂಗಳವಾರ ಬಾವಿ ಮತ್ತೆ ಡಿಕಾಕ್ಷನ್ ಆಯಿತು. ನಾನು ಒಂದು ಹಾಸ್ಟೆಲಿಗೆ ಹೋಗಿ ಕೋಣೆ ನೋಡಿಕೊಂಡು ಬಂದೆ. ಅಮ್ಮನಿಗೆ ಹೇಳಲಿಲ್ಲ. ಅಮ್ಮ ಕೊಯಮತ್ತೂರಿಗೆ ಕಾಗದ ಬರೆದಿದ್ದಳು, ನನಗೆ ಹೇಳಿರಲಿಲ್ಲ.

ಚಿತ್ರ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಮತ್ತೆ ದೀಪಾವಳಿಗೆ ಎರಡೇ ತಿಂಗಳು ಉಳಿದಿತ್ತು. ಕ್ರೋಂಪೇಟೆ ಪರದೆಯ ಮೇಲೆ ಬರುತ್ತದೆಂದು ಟೆಂಟಿನ ಮಾಲೀಕರು ಪಂಚಾಯತಿ ಅಧ್ಯಕ್ಷರನ್ನು ಕರೆದು ಕುರ್ಚಿಯ ಮೊದಲ ಸಾಲಿನಲ್ಲಿ ಕೂರಿಸಿದ್ದರು. ನಮ್ಮ ಬೀದಿಯವರೆಲ್ಲ ಹುಟ್ಟಿದ ಮೇಲೆ ಮೊದಲ ಬಾರಿಗೆ ಹೊತ್ತಿಗೆ ಮುಂಚೆ ಬಂದಿದ್ದರು. ಮುಂದೆ ನೆಲದ ಟಿಕೆಟ್ಟಿನಲ್ಲಿ ಶೆಡ್ಡಿನ ಕೆಲಸಗಾರರು. ದೀಪ ಆರಿತು. ಎಲ್ಲೆಲ್ಲಿಯದೋ ಪಾಚಿಗಟ್ಟಿದ ಕೊಳಗಳು, ಕೆಸರಿನ ಕುಂಟೆಗಳು ಬಂದವು. ಆಮೇಲೆ ತೋರಣ ಬಂತು, ಅಮ್ಮ ಬಂದಳು, ಕೊಡ ಮೇಲೆ ಬಂತು. ಗಂಭೀರವಾದ ತಮಿಳು ಧ್ವನಿ, ಹೀಗೆ ಶ್ರದ್ಧೆಯಿಂದ ಕಾಪಾಡಿದ ಶುದ್ಧವಾದ ಬಾವಿಯೇ ಆರೋಗ್ಯದ ತಳಹದಿ, ಕ್ರೋಂಪೇಟೆಯ ಈ ಬೀದಿ ಎಲ್ಲರಿಗೂ ಮಾದರಿ ಎಂದಿತು.

ಪರದೆಯ ಮೇಲೆ ಅಮ್ಮ ಬೊಗಸೆಯಲ್ಲಿ ನೀರು ಹಿಡಿದಳು. ನೆಲದ ಟಿಕೆಟ್ಟಿನಿಂದ ಒಬ್ಬ ಶೆಡ್ಡಿನ ಕೆಲಸಗಾರ, ಆ ನೀರಿಗೆ ಏನೇನು ಬಿಡುತ್ತಾರೆಂದು ಕೈಯಾರೆ ಬಲ್ಲವನು, ನಿಜವಾದ ಗಾಬರಿಯಿಂದಲೇ ಕೂಗಿದ: "ಅಮ್ಮಾ, ಅದೈ ಕುಡಿಚ್ಚಿಡಾದೀಂಗ!" ಅದನ್ನು ಕುಡಿದುಬಿಡಬೇಡಿ ಎಂದು.

ಟೆಂಟಿನ ಬಟ್ಟೆ ಹಾರಿಹೋಗುವಂತೆ ಜನ ನಕ್ಕರು. ಅಧ್ಯಕ್ಷರೂ ನಕ್ಕರು. ನಗುತ್ತ ಹಿಂದಿರುಗಿ ನೋಡಿದರೆ, ನಕ್ಕವರೆಲ್ಲ ಅವರನ್ನೇ ನೋಡುತ್ತಿದ್ದರು. ಮರುದಿನದಿಂದ ಎರಡು ವಾರ, ಪ್ರತಿ ಆಟದಲ್ಲೂ, ಅಮ್ಮ ಬೊಗಸೆ ಹಿಡಿಯುವ ಸಮಯಕ್ಕೆ ಸರಿಯಾಗಿ ಇಡೀ ಟೆಂಟು ಒಟ್ಟಿಗೆ ಕೂಗುತ್ತಿತ್ತು. ಹತ್ತು ನಿಮಿಷ ತಡವಾಗಿ ಬರುತ್ತಿದ್ದ ಜನ ಆ ಒಂದು ಕೂಗಿಗಾಗಿ ಮುಂಚೆ ಬರತೊಡಗಿದರು. ಬೀದಿಯಲ್ಲಿ ಅಧ್ಯಕ್ಷರ ಕಾರು ಕಂಡರೆ ಮಕ್ಕಳು ಕೂಗಿದರು. ಮದುವೆಮನೆಯಲ್ಲಿ ಅವರು ಲೋಟ ಎತ್ತಿದರೆ ಯಾರೋ ಹಿಂದಿನಿಂದ ಮೆಲ್ಲಗೆ ಅಂದರು. ನನ್ನ ಹನ್ನೊಂದು ಅರ್ಜಿಗಳನ್ನು ಓದದೆ ಜೀರ್ಣಿಸಿಕೊಂಡಿದ್ದ ಮನುಷ್ಯರಿಗೆ ಈ ಒಂದು ವಾಕ್ಯ ಜೀರ್ಣವಾಗಲಿಲ್ಲ. ದೀಪಾವಳಿಗೆ ಒಂದು ವಾರ ಇರುವಾಗ ನಮ್ಮ ಬೀದಿಗೆ ಪೈಪು ಬಂತು. ಶೆಡ್ಡಿನ ಕಾಲುವೆ ಇನ್ನೂ ಅಲ್ಲೇ ಹರಿಯುತ್ತಿದೆ. ಅದಕ್ಕೆ ಇನ್ನೊಂದು ಚಿತ್ರ ಬೇಕೋ ಇನ್ನೊಂದು ಕೂಗು ಬೇಕೋ ತಿಳಿಯದು. ಅಂದಹಾಗೆ, ಸತ್ಯ ತೋರಿಸಿ ಸಮಾಜ ತಿದ್ದಿದ ಚಿತ್ರಗಳಿರಬಹುದು, ನಾನು ಅಲ್ಲಗಳೆಯುವುದಿಲ್ಲ. ನಮ್ಮದು ಸುಳ್ಳು ತೋರಿಸಿ ತಿದ್ದಿತು. ಹಾಗಾದರೆ ಚರ್ಚೆಯಲ್ಲಿ ನಾನು ಗೆದ್ದೆನೋ ಸೋತೆನೋ? ನಿರ್ದೇಶಕರಿಗೆ ಕಾಗದ ಬರೆದು ಕೇಳಿದೆ. ಅವರು ಅಮ್ಮನ ಕಾಫಿಯನ್ನು ನೆನೆಸಿಕೊಂಡು ಒಂದು ಕಾರ್ಡು ಹಾಕಿದರು, ಅಷ್ಟೆ.

ತೂಕುಪಾತ್ರೆಗಳು ಅಟ್ಟ ಸೇರಿದವು. ಹೆಂಗಸರ ಡಬ್ಬಿಯಲ್ಲಿ ಬರಿಗೈಯಲ್ಲಿ ಕುಳಿತ ಮೊದಲ ಸಂಜೆ, ಕಿಟಕಿಯಿಂದ ಬಂದ ಗಾಳಿಗೆ ನನಗೆ ನಿದ್ದೆಯೇ ಬಂದುಬಿಟ್ಟಿತು. ಅಭ್ಯಾಸಬಲದಿಂದ ತಾಂಬರಂನಲ್ಲೇ ಎಚ್ಚರವಾಯಿತು. ಹಾಸ್ಟೆಲಿನವರಿಗೆ ಕೋಣೆ ಬೇಡವೆಂದು ಬರೆದು ಹಾಕಿದೆ. ಅಷ್ಟು ಹಗುರಾದ ಕಾಗದವನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ದೀಪಾವಳಿಯ ಹಿಂದಿನ ದಿನ ನಮ್ಮ ಹಿತ್ತಲಿಗೆ ನಲ್ಲಿ ಜೋಡಿಸಿದರು. ನಲ್ಲಿಯವನು ಬಾಯಲ್ಲಿ ಏನೋ ಕಚ್ಚಿಕೊಂಡಿದ್ದ, ಕೈಗೆ ತೆಗೆದು ಒರೆಸಿ ಒಳಗೆ ಕೂರಿಸಿದ. ಒಂದು ಸಣ್ಣ, ದುಂಡನೆಯ ವಾಷರು, ಕಂದುಬಣ್ಣದ್ದು. ಒಳ್ಳೆಯ, ಹದವಾದ ತೊಗಲು. ನಾನು ನೋಡಿದೆ. ಅಪ್ಪ ನೋಡಿದರು, ನಾನು ನೋಡಿದ್ದನ್ನೂ ನೋಡಿದರು, ಮತ್ತು ಇದ್ದಕ್ಕಿದ್ದಂತೆ ಪಂಚಾಂಗದಲ್ಲಿ ಆಸಕ್ತರಾದರು. ಸತ್ಯವನ್ನು ಎಲ್ಲಿ ಕಂಡರೂ ಎತ್ತಿ ಹಿಡಿಯಬೇಕೆಂದು ಮೂರು ಕಪ್ಪು ಗೆದ್ದವಳು ನಾನು. ತುಟಿ ಬಿಗಿದು ನಿಂತಿದ್ದೆ.

ಬೆಳಗಿನ ಜಾವ ಅಮ್ಮ ತಲೆಗೆ ಎಣ್ಣೆ ಇಟ್ಟುಕೊಂಡು ಬಂದು ನಲ್ಲಿ ತಿರುಗಿಸಿದಳು. ನೀರು ಬೆಳ್ಳಗೆ ಸುರಿಯಿತು. ಬೊಗಸೆಯಲ್ಲಿ ಹಿಡಿದಳು, ಮೂಸಿದಳು, ಕುಡಿದಳು. ಅವಳ ಮುಖ ಆ ಪರದೆಯ ಮೇಲೆ ಕಂಡದ್ದಕ್ಕಿಂತ ಚೆನ್ನಾಗಿತ್ತು. ಗೋಡೆಯ ಆಚೆಯಿಂದ ಜಾನಕಿ ಮಾಮಿ "ಗಂಗಾಸ್ನಾನ ಆಚ್ಚಾ?" ಎಂದು ಕೇಳಿದರು. "ಆಗ್ತಾ ಇದೆ ಮಾಮಿ" ಎಂದು ಅಮ್ಮ ಗಟ್ಟಿಯಾಗಿ ಹೇಳಿ, ನಲ್ಲಿಯನ್ನು ನಿಲ್ಲಿಸಿದಳು. ಒಂದು ಹನಿಯೂ ಸೋರಲಿಲ್ಲ. ಮತ್ತೆ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಲ್ವೇ ರುಕ್ಕು, ಇಷ್ಟೆಲ್ಲ ಓದಿದೀಯ, ಹೇಳು. ಇಷ್ಟು ಜೋರಾಗಿ ಬರೋ ನೀರನ್ನ ಒಂದು ಹನೀನೂ ಬೀಳ್ದೇ ಇರೋ ಹಾಗೆ ಒಳಗೆ ಹಿಡಿದಿಟ್ಕೊಂಡಿರೋದು ಏನೇ ಅದು?"