ಎಡಗೈಗೆ ಕಟ್ಟುವ ದಾರ

ನಿಯಮ ಓದಿ ಹೇಳುವವನನ್ನು ಯಾರೂ ಮೆಚ್ಚುವುದಿಲ್ಲ. ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಜೆಟ್ ಸ್ಕೀ, ಅಂದರೆ ನೀರಿನ ಮೇಲೋಡುವ ಬೈಕು, ಹತ್ತಲು ಬಂದವರಿಗೆ ನಿಯಮ ಹೇಳುವುದೇ ನನ್ನ ಕೆಲಸ. ಲೈಫ್ ಜಾಕೆಟಿನ ಬಕಲ್ ಒಂದನ್ನೂ ಬಿಡಬಾರದು, ಮೀನು ಹಿಡಿಯುವವರ ತೆಪ್ಪದ ಹತ್ತಿರ ಸುಳಿಯಬಾರದು, ಹೊತ್ತು ಮುಳುಗುವ ಮೊದಲು ದಡ ಸೇರಬೇಕು. ಯಾರು ಆಕಳಿಸಿದರು, ಯಾರು ಸೆಲ್ಫಿಯಲ್ಲಿ ಮುಳುಗಿದ್ದರು ಎಂದು ದಿನಚರಿಯಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತೇನೆ. ಆಕಳಿಕೆಯೇ ಸದಾ ಮುಂದು. ಪೂರ್ತಿ ಕೇಳಿಸಿಕೊಂಡವರ ಸಾಲಿನಲ್ಲಿರುವುದು ಒಂದೇ ಗೆರೆ. ಅದು ಚೈತ್ರಳದು.

ಚೈತ್ರ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನವರ ಮಗಳು. ನಮ್ಮಿಬ್ಬರ ಮದುವೆಯ ಮಾತು ನಡೆದಿತ್ತು. ಕೊಬ್ಬರಿಯನ್ನು ಕೈಯಲ್ಲಿ ತಿರುಗಿಸಿ ನೋಡದೆ ಕೊಳ್ಳದ ಅವರು, ಹುಡುಗನನ್ನೂ ಕೆಲಸದ ಜಾಗದಲ್ಲೇ ನೋಡುತ್ತೇನೆಂದು ಒಂದು ಭಾನುವಾರ ಮಗಳೊಂದಿಗೆ ಬಂದರು. ಬಂದವರು ಉತ್ಸಾಹದಿಂದ ಪಂಚೆ ಎತ್ತಿ ಕಟ್ಟಿ ತಾವೂ ಒಂದು ಸುತ್ತು ಹೋಗುತ್ತೇನೆಂದರು. ನಾನು ಲೈಫ್ ಜಾಕೆಟ್ ತೊಡಿಸಿ, ಕೆಂಪು ದಾರ ಹಿಡಿದು ಅವರ ಎಡಗೈ ಕೇಳಿದೆ. ಅದರ ಇನ್ನೊಂದು ತುದಿ ಎಂಜಿನ್ನಿನ ಸ್ವಿಚ್ಚಿನಲ್ಲಿರುತ್ತದೆ. ಸವಾರ ಬಿದ್ದರೆ ದಾರ ಕಿತ್ತು ಬಂದು ಗಾಡಿ ನಿಲ್ಲುತ್ತದೆ.

"ಎಡಗೈಗಾ? ಅದು ಹೆಂಗಸ್ರಿಗೆ ಕಣಪ್ಪ. ಗಂಡಸ್ರಿಗೆ ಬಲಗೈಗೆ ಕಟ್ಟೋದು."

"ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತೆ ಸರ್. ನೀವು ಬಿದ್ರೆ..."

"ನಾನ್ಯಾಕ್ಲಾ ಬೀಳ್ಲಿ? ಬಾಯಲ್ಲಿ ಒಳ್ಳೇ ಮಾತು ಬರಾಕಿಲ್ವಾ?"

"ಅಪ್ಪಾಜಿ, ನೀರಿಗೆ ಗಂಡಸ್ರು ಹೆಂಗಸ್ರು ಅಂತ ಗೊತ್ತಾಗುತ್ತಾ? ಕಟ್ಟಿಸ್ಕೊಳ್ಳಿ" ಎಂದು ಚೈತ್ರ ನಕ್ಕಳು. ಆ ನಗುವಿನ ಎದುರು ನಾನು ಯಾವ ನಿಯಮವನ್ನಾದರೂ ಬಿಡಬಹುದಿತ್ತು, ಅದೊಂದನ್ನು ಬಿಟ್ಟು. "ಎಡಗೈಗೆ ಕಟ್ಟದೆ ಕಳಿಸೋ ಹಾಗಿಲ್ಲ ಸರ್" ಎಂದೆ. ಅವರು ಜಾಕೆಟ್ ಬಿಚ್ಚಿ ನನ್ನ ಕೈಗಿತ್ತರು. "ನಡಿಯಮ್ಮ, ಬಸ್ಸಿಗೆ ಹೊತ್ತಾಯ್ತು." ಅವಳು ಕಾರಿನ ಕಿಟಕಿಯಿಂದ ಎಡಗೈ ಎತ್ತಿ ಬೀಸಿದಳು. ಕಾರಿನಲ್ಲಿ ಬಂದವರಿಗೆ ಎಲ್ಲಿಯ ಬಸ್ಸು ಎಂದು ನನಗೆ ಹೊಳೆದದ್ದು ಆಮೇಲೆ.

ಮಧ್ಯಸ್ಥರ ಮೂಲಕ ಉತ್ತರ ಬಂತು: "ಹುಡುಗ ಒಳ್ಳೆಯವನೇ. ಆದ್ರೆ ಮದ್ವೆ ದಿನ ಕಂಕಣ ಯಾವ ಕೈಗೆ ಕಟ್ಟಿಸ್ಕೊತಾನೋ ಅಂತ ಭಯ." ಎಂಥ ಮಾತು! ಮದುವೆಗೂ ಜೆಟ್ ಸ್ಕೀಗೂ ವ್ಯತ್ಯಾಸ ತಿಳಿಯದವನೇ ನಾನು ಎಂದು ವಾರವೆಲ್ಲ ಕುದಿದೆ.

ಮೊನ್ನೆ ಮನೆಯಲ್ಲಿ ಪೂಜೆ. ಅಯ್ಯನವರು ಕಂಕಣ ಹಿಡಿದು ಎದುರು ನಿಂತರು. ನಾನು ಎಡಗೈ ಚಾಚಿದೆ. ಅಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿ ಬಲಗೈ ಕೊಟ್ಟೆನಾದರೂ, ಕಟ್ಟಿ ಮುಗಿದ ಮೇಲೆ ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡದೆ ಇರಲಾಗಲಿಲ್ಲ.